ಕೊನೆ ಮಾತ್ರ ಮೋಸ

ಲಕ್ಷ್ಮೀಪತಿಗೆ ಏನಕ್ಕೆ ಬರ ಬಂದರೂ ಅಭಿಪ್ರಾಯಕ್ಕೆ ಬರ ಬಂದದ್ದಿಲ್ಲ. ಬಾಗಲೂರಿನಿಂದ ಹೊಸೂರಿನ ಕಾರ್ಖಾನೆಗೆ ಕಂಪನಿ ಬಸ್ಸು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಅಷ್ಟರಲ್ಲಿ ಯಾವುದೋ ದೇಶದ ಉದ್ದಕೂದಲಿನವರ ಒಂದು ರಾಕ್ ಆಲ್ಬಮ್ ಕೇಳಿ ಮುಗಿಸಬೇಕು, ಗೇಟಿನಲ್ಲಿ ಕಾರ್ಡು ಉಜ್ಜುವ ಮೊದಲೇ ಅದರ ಮೇಲೊಂದು ತೀರ್ಪು ಬರೆದು 'ಕ್ಯಾಂಟೀನ್ ಕನ್ನಡಿಗರು' ಎಂಬ ವಾಟ್ಸಾಪ್ ಗುಂಪಿಗೆ ಎಸೆಯಬೇಕು. ಆಗಲೇ ಅವನಿಗೆ ಬೆಳಗಾಗುವುದು. ಹಾಡಿನ ಇಂಗ್ಲಿಷು ಒಂದಕ್ಷರ ಅರ್ಥವಾಗುತ್ತಿರಲಿಲ್ಲ. ಆಗಬೇಕು ಅಂತ ಯಾರು ಹೇಳಿದರು? 'ಗಿಟಾರ್ ಚೆನ್ನಾಗೈತೆ, ಹಾಡೋನಿಗೆ ನೆಗಡಿ' ಎಂದು ಒಂದಕ್ಕೆ ಬರೆದ. 'ಡ್ರಮ್ಮು ಬಡಿಯೋನಿಗೆ ಮನೇಲಿ ಏನೋ ಬೇಜಾರು, ಪಾಪ' ಎಂದು ಇನ್ನೊಂದಕ್ಕೆ. ಹದಿನೆಂಟು ನಿಮಿಷದ ಹಾಡೊಂದಕ್ಕೆ ಮೂರೇ ಪದ: 'ಇವರಿಗೆ ಶಿಫ್ಟ್ ಇಲ್ಲ.'

ಕಾದಂಬರಿಗಳನ್ನೂ ಅವನು ಬಿಡುತ್ತಿರಲಿಲ್ಲ. 'ಮೊದಲ ಐವತ್ತು ಪುಟ ಬರೀ ಮಳೆ, ಛತ್ರಿ ಹಿಡ್ಕೊಂಡು ಓದಿ' ಎಂಬ ತೀರ್ಪಿಗೆ ಗುಂಪಿನ ಅರವತ್ತು ಚಿಲ್ಲರೆ ಜನ ಬಿದ್ದು ಬಿದ್ದು ನಕ್ಕಿದ್ದರು. ಇಷ್ಟಕ್ಕೂ ಅವನು ಕನ್ನಡ ಓದಲು ಕಲಿತು ಎರಡು ವರ್ಷವೂ ಆಗಿರಲಿಲ್ಲ. ಮನೆಮಾತು ಕನ್ನಡವೇ, ಆದರೆ ಶಾಲೆಯೆಲ್ಲ ತಮಿಳು. ಅಕ್ಷರ ಕಲಿಸಿದವಳು ಅದೇ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬರುತ್ತಿದ್ದ ಪದ್ಮಶ್ರೀ. ತುಮಕೂರಿನ ಕಡೆಯಿಂದ ಬಂದು ಬಾಗಲೂರಿನ ಹೊಸ ಬಡಾವಣೆಯಲ್ಲಿ ಮನೆ ಮಾಡಿದ್ದ ಅವಳು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿದ್ದಳು. ಒತ್ತಕ್ಷರ ತಪ್ಪಾಗಿ ಓದಿದರೆ ಪೆನ್ನಿನಿಂದ ಮೊಣಕೈಗೆ ಒಂದು ಕೊಡುತ್ತಿದ್ದಳು.

ಆ ಪದ್ಮಶ್ರೀ ಸ್ವತಃ ಒಂದು ಕಾದಂಬರಿ ಬರೆದು ಅಚ್ಚು ಹಾಕಿಸಿದಳು. ಮೊದಲ ಪ್ರತಿ ಲಕ್ಷ್ಮೀಪತಿಯ ಕೈಗೇ ಬಂತು.

"ನಮ್ಮನೆಯೋರು ಓದ್ದೇನೇ ಚೆನ್ನಾಗಿದೆ ಅಂದ್ಬಿಟ್ರು. ನೀವು ಓದಿ ನಿಜ ಹೇಳಿ. ಇನ್ನೊಂದು ಬರೀಬೇಕೋ, ಪೆನ್ನು ಎತ್ತಿಡಬೇಕೋ ಅದರ ಮೇಲೆ ನೋಡ್ತೀನಿ" ಎಂದಳು.

ಅವನಿಗೆ ಎದೆ ಉಬ್ಬಿಹೋಯಿತು. ಇಯರ್‌ಫೋನ್ ತೆಗೆದು ಚೀಲಕ್ಕೆ ಹಾಕಿ ಓದತೊಡಗಿದ. ಇಪ್ಪತ್ತು ವರ್ಷ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಉಂಡ ರಾಮಕ್ಕ ಎಂಬ ಹೆಂಗಸಿನ ಕತೆ. ಕೊನೆಕೊನೆಗೆ ರಾಮಕ್ಕ ಗಂಡನ ಮನೆ ಬಿಟ್ಟು ಡೆಂಕಣಿಕೋಟೆಯ ಬಸ್ಸು ಹತ್ತುತ್ತಾಳೆ. ವಾರವಿಡೀ ಬಸ್ಸಿನಲ್ಲಿ ಓದಿಯೂ ಇನ್ನು ಹನ್ನೆರಡು ಪುಟ ಉಳಿದಿತ್ತು, ಅಷ್ಟರಲ್ಲಿ ಕಾರ್ಖಾನೆಯ ಗೇಟು ಬಂತು. ಗುಂಪಿನಲ್ಲಿ ಸ್ಟೋರ್ಸಿನ ಭೈರೇಶ ಆಗಲೇ ಕೆಣಕಿದ್ದ: 'ಏನ್ಲಾ ಲಕ್ಷ್ಮೀಪತಿ, ಮೇಡಮ್ ಬುಕ್ಕು ಅಂದೇಟ್ಗೆ ಬಾಯಿಗೆ ಬೀಗ ಬಿತ್ತಾ?'

ಇಂಥ ಮಾತು ಕೇಳಿಸಿಕೊಂಡು ಸುಮ್ಮನಿರುವ ಜಾಯಮಾನ ಅವನದಲ್ಲ. ಬರೀ ಹೊಗಳಿದರೆ ಮುಲಾಜು ಅಂತಾರೆ, ಒಂದಾದರೂ ಹುಳುಕು ಹೇಳಬೇಕು. ಅವನು ಓದಿದ ಕಾದಂಬರಿಗಳಲ್ಲಿ ಕೊನೆ ಚೆನ್ನಾಗಿದ್ದದ್ದು ಒಂದೂ ಇರಲಿಲ್ಲ, ಇದರದ್ದೂ ಅಷ್ಟೇ ಇದ್ದೀತು. ಬರೆದೇಬಿಟ್ಟ: 'ಕತೆ ಜೋರಾಗೈತೆ. ಕೊನೆ ಮಾತ್ರ ಮೋಸ.'

ಅವನ ತಲೆಯಲ್ಲಿದ್ದದ್ದು ತಮಿಳಿನ ಮೋಸಂ. ಅಂದರೆ ಚೆನ್ನಾಗಿಲ್ಲ, ಅಷ್ಟೇ. ಶಾಲೆಯ ತಮಿಳು ಮೇಷ್ಟ್ರು ಅವನ ಕೈಬರಹಕ್ಕೆ ಜನ್ಮವಿಡೀ ಅಂದ ಮಾತು. ಆದರೆ ಗುಂಪಿನಲ್ಲಿದ್ದವರು ಕನ್ನಡಿಗರಲ್ಲವೇ? ಮೋಸ ಅಂದರೆ ಮೋಸವೇ. 'ಎಲ್ಲಿಂದ ಕದ್ದವ್ರೆ?' ಎಂದು ಭೈರೇಶ ಕೇಳಿದ. ಊಟದ ಬೆಲ್ಲಿನ ಹೊತ್ತಿಗೆ ಪದ್ಮಶ್ರೀ ಮೇಡಮ್ ಕೊನೆಯ ಅಧ್ಯಾಯವನ್ನು ಯಾರದ್ದೋ ಪುಸ್ತಕದಿಂದ ಎತ್ತಿದ್ದಾರೆ ಎಂಬ ಸುದ್ದಿ ಪೇಂಟ್ ಶಾಪಿನವರೆಗೂ ಹೋಗಿತ್ತು.

ಪದ್ಮಶ್ರೀ ಟಿಫಿನ್ ಡಬ್ಬಿ ತೆರೆಯದೆ ಅವನೆದುರು ಬಂದು ಕೂತಳು. ಇವತ್ತು ಗ್ರಹಚಾರ ಬಿಡಿಸುತ್ತಾಳೆ ಎಂದು ಲಕ್ಷ್ಮೀಪತಿ ಕುಗ್ಗಿಹೋದ. ಅವಳು ಬೈಯಲಿಲ್ಲ. ಮೆಲ್ಲಗೆ ಕೇಳಿದಳು.

"ಹೆಂಗೆ ಗೊತ್ತಾಯ್ತು ನಿಮಗೆ?"

ಅಯ್ಯೋ ದೇವರೇ, ನಿಜವಾಗಿಯೂ ಏನೋ ಇದೆ! ಅವನು ಎಲ್ಲ ಬಲ್ಲವನಂತೆ ತಲೆಯಾಡಿಸಿದ. ಅದೇ ಅವನು ಮಾಡಿದ ದೊಡ್ಡ ತಪ್ಪು.

"ಕದ್ದಿಲ್ಲ. ಆದ್ರೆ ಮೋಸಾನೇ ಅದು. ಯಾವ ಸಾಲಲ್ಲಿ ಸಿಕ್ಕಿಬಿದ್ದೆ ಹೇಳಿ" ಎಂದಳು ಪದ್ಮಶ್ರೀ.

ಅವನು ಕೈಯಲ್ಲಿದ್ದ ತುತ್ತು ತಟ್ಟೆಗಿಟ್ಟ. "ಅದು... ನಾನು ಅಂದಿದ್ದು ತಮಿಳು ಮೋಸಂ, ಮೇಡಮ್. ಚೆನ್ನಾಗಿಲ್ಲ ಅಂತ."

"ಸರಿ. ಏನು ಚೆನ್ನಾಗಿಲ್ಲ?"

ಅವನು ತಟ್ಟೆ ನೋಡಿದ, ನೀರಿನ ಲೋಟ ನೋಡಿದ. "ಕೊನೇ ಹನ್ನೆರಡು ಪುಟ ಓದಿಲ್ಲ" ಎಂದ.

ಅವಳ ಮುಖ ಕಪ್ಪಿಟ್ಟಿತು. "ಎರಡು ವರ್ಷ ಬರ್ದೆ ಕಣ್ರೀ. ಸಾಯಂಕಾಲದ ಬಸ್ಸಿನವರೆಗೂ ತಡೆಯಕ್ಕಾಗ್ಲಿಲ್ವಾ ನಿಮಗೆ?" ಎಂದು ಡಬ್ಬಿ ಎತ್ತಿಕೊಂಡು ಹೋದಳು. ಸಂಜೆ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತಳು, ಅವನ ಕಡೆ ತಿರುಗಿಯೂ ನೋಡಲಿಲ್ಲ.

ಲಕ್ಷ್ಮೀಪತಿಗೆ ನಾಚಿಕೆಯಾಯಿತು, ಸಂಕಟವೂ ಆಯಿತು. 'ಮೋಸ ಅಂದ್ರೆ ಕಳ್ಳತನ ಅಲ್ಲ, ಅದು ತಮಿಳು. ಕೊನೆ ಓದದೇ ಬರೆದಿದ್ದೆ. ತಪ್ಪು ನಂದು' ಎಂದು ಗುಂಪಿಗೆ ಹಾಕಿದ. ಭೈರೇಶ ಇಪ್ಪತ್ತು ನಗುಮುಖ ಕಳಿಸಿದ. ನಗಲಿ ಬಿಡು ಎಂದುಕೊಂಡು ಪುಸ್ತಕ ತೆರೆದ. ಸಾಲು ಕಣ್ಣಿಗೆ ಹತ್ತಲೇ ಇಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿದವನೇ ಒಂದೊಂದು ಸಾಲಿಗೂ ಬೆರಳಿಟ್ಟು ಓದಿದ. ಬಸ್ಸು ಹತ್ತಿದ್ದ ರಾಮಕ್ಕ ಎರಡು ಸ್ಟಾಪು ದಾಟುತ್ತಲೇ ಇಳಿದುಬಿಡುತ್ತಾಳೆ. ವಾಪಸ್ಸು ನಡೆದು ಬರುತ್ತಾಳೆ. ಅತ್ತೆಯ ಕಾಲು ಮುಟ್ಟಿ, ಮನೆಮಂದಿಗೆಲ್ಲ ಪಾಯಸ ಮಾಡಿ, ಕೊನೆಯಲ್ಲಿ ತಾನುಣ್ಣುತ್ತಾಳೆ. ಮುಗಿಯಿತು.

ಅವನಿಗೆ ಮೈಯೆಲ್ಲ ಉರಿಯಿತು. ಯಾವ ಆಲ್ಬಮ್ಮೂ, ಯಾವ ಕಾದಂಬರಿಯೂ ಅವನಿಗೆ ಇಷ್ಟು ಸಿಟ್ಟು ತರಿಸಿರಲಿಲ್ಲ. ಓಡುತ್ತಿದ್ದ ಬಸ್ಸಿನಲ್ಲಿ ಕಂಬಿ ಹಿಡಿದುಕೊಂಡು ಮುಂದಕ್ಕೆ ಹೋದ.

"ಏನ್ ಮೇಡಮ್ಮೋರೆ ಇದು? ಹತ್ತಿದ್ದೋಳು ಯಾಕೆ ಇಳ್ದುಬುಟ್ಲು? ಇಪ್ಪತ್ತು ವರ್ಸ ಕೊನೇಲಿ ಉಂಡಿದ್ದು ಸಾಲ್ದಾ? ನಂಗೆ ಅಳು ಬಂದೋಯ್ತು!"

ಇಡೀ ಬಸ್ಸು ತಿರುಗಿ ನೋಡಿತು. ಪದ್ಮಶ್ರೀ ಅವನನ್ನೇ ನೋಡಿದಳು, ಆಮೇಲೆ ಕಿಟಕಿಯತ್ತ ಸರಿದು ಜಾಗ ಬಿಟ್ಟಳು.

"ನಾನು ಮೊದಲು ಬರ್ದಾಗ ಅವಳು ಹೋಗೇಬಿಟ್ಟಿದ್ಲು. ಮನೇಲಿ ನಮ್ಮತ್ತೆ ಓದ್ತಾರಲ್ಲ, ಏನನ್ಕೋತಾರೋ ಅಂತ ಭಯ ಆಯ್ತು. ವಾಪಸ್ ಕರ್ಸ್ಬಿಟ್ಟೆ."

"ಓದುದ್ರಾ ಅವ್ರು?"

"ರಾತ್ರಿ ಮುಗಿಸಿದ್ರು. ಕನ್ನಡಕ ತೆಗ್ದು ಪುಸ್ತಕದ ಮೇಲಿಟ್ರು."

"ಏನಂದ್ರು?"

ಪದ್ಮಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಬ್ಳಾದ್ರೂ ತಪ್ಪಿಸ್ಕೊಂಡ್ಲು ಅಂತ ಖುಷಿಯಾಗಿತ್ತು, ಹಾಳು ಮಾಡ್ಬಿಟ್ಯಲ್ಲೇ ಅಂದ್ರು."