ಕಲ್ಲಿನ ಮೇಲೆ ಒಂದು ಹೀಬ್ರೂ ಪದ

ಬೀಗ ರಿಪೇರಿಯವನು ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ, ಅವನ ಅಣ್ಣ ಬಂದಿಳಿದ. ತಮ್ಮ ಹಾಸಿಗೆ ಹಿಡಿದಾಗ ಮುಖ ತೋರಿಸದ ಮನುಷ್ಯ, ಈಗ ಅಂಗಡಿಯ ಯಂತ್ರ, ಗೋಡೆಯ ಮೇಲೆ ನೇತಾಡುವ ಕೀಲಿಗಳು, ಹಿಂದಿನ ಕೋಣೆ, ಎಲ್ಲದರ ಮೇಲೂ ಕಣ್ಣು ಹಾಯಿಸಿದ. "ಕೊನೇಲಿ ಯಾವ ಮಾತ್ರೆ ಕೊಡ್ತಿದ್ದೆ?" ಎಂದೂ ಕೇಳಿದ. ತಮ್ಮನ ಹೆಂಡತಿಯ ತಲೆಯೊಳಗೆ ಅನುಮಾನದ ಹುಳು ಹೊಕ್ಕಿದ್ದು ಆಗಲೇ.

ಮರುದಿನ ಅವನು ಸಮಾಧಿ ಕಲ್ಲಿನ ಮಾತೆತ್ತಿದ.

"ಹೆಸರಿನ ಕೆಳಗೆ ಒಂದು ಪದ ಕೆತ್ತಿಸೋಣಮ್ಮ. ಹೀಬ್ರೂ ಪದ. ಗೋಯೆಲ್ ಅಂತ."

ಅವಳಪ್ಪ ಹೀಬ್ರೂ ಧರ್ಮಗ್ರಂಥ ಕಲಿಸುತ್ತಿದ್ದ ಮೇಷ್ಟ್ರು. ಆ ಪದ ಅವಳಿಗೆ ಗೊತ್ತಿತ್ತು. ಬಿಡಿಸಿಕೊಳ್ಳುವವನು. ಕೈತಪ್ಪಿದ ಮನೆತನದ ಆಸ್ತಿಯನ್ನು ಮರಳಿ ಪಡೆಯುವ ಹತ್ತಿರದ ನೆಂಟ. ನೆಂಟನನ್ನು ಕೊಂದವರ ಬೆನ್ನು ಹತ್ತುವವನೂ ಅವನೇ. ಅಂಗಡಿಯೂ ಬೇಕು, ನನ್ನ ತಲೆಯೂ ಬೇಕು ಈ ಮನುಷ್ಯನಿಗೆ ಎಂದುಕೊಂಡಳು. ಅಂಗಡಿಯಲ್ಲಿದ್ದ ಬೀಗಗಳಲ್ಲೇ ಗಟ್ಟಿಯಾದದ್ದನ್ನು ಆರಿಸಿ ಹಿಂದಿನ ಕೋಣೆಗೆ ಜಡಿದಳು.

ಸಮಾಧಿ ಕಲ್ಲಿಗೆ ಹೇಳಲು ಇಬ್ಬರೂ ಹೋದಾಗ, ಕಲ್ಲು ಕೆತ್ತುವವನ ಅಂಗಳದಲ್ಲಿ ಅವಳಿಗೆ ತಡೆಯಲಾಗಲಿಲ್ಲ.

"ಸುತ್ತಿ ಬಳಸಿ ಮಾತು ಬೇಡ ಭಾವ. ಆ ಬಿಡಿಸಿಕೊಳ್ಳೋ ನೆಂಟ ನೀವೇ ತಾನೆ?"

ಅವನು ಕಕ್ಕಾಬಿಕ್ಕಿಯಾದ. "ನಾನಾ? ಯಾಕಮ್ಮ ಹಾಗಂತೀಯ?"

"ಅಂಗಡಿನೆಲ್ಲ ಅಳೆದು ನೋಡಿದ್ರಿ. ಮಾತ್ರೆ ವಿಚಾರ ಕೇಳಿದ್ರಿ."

"ಅವನು ಕೂತು ಕೆಲ್ಸ ಮಾಡ್ತಿದ್ದ ಜಾಗ ನೋಡ್ಬೇಕು ಅನ್ನಿಸ್ತು. ಮಾತ್ರೇಲಿ ನೋವು ಕಮ್ಮಿ ಆಗಿತ್ತಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ."

"ಮತ್ತೆ ಈ ಪದ?"

"ಅವನೇ ಫೋನಲ್ಲಿ ಹೇಳಿದ್ದು. ಆ ಧರ್ಮಗ್ರಂಥದಲ್ಲಿ ಬರೋ, ಎಲ್ಲಾ ಕಳ್ಕೊಂಡು ಬೂದೀಲಿ ಕೂತವನ ಕತೆ, ನಿಮ್ಮಪ್ಪ ಹೇಳಿದ್ರಂತೆ. ಪರ ನಿಲ್ಲೋಕೆ ಒಬ್ಬ ನೆಂಟನೂ ಇಲ್ದಿದ್ರೂ, ತಾನು ಮಣ್ಣಾದ್ಮೇಲೂ ಬಿಡಿಸಿಕೊಳ್ಳೋನು ಒಬ್ಬ ಇದ್ದಾನೆ ಅಂತ ನಂಬಿದ್ನಂತೆ. ದೇವರನ್ನೇ ನೆಂಟ ಅಂದ್ಕೊಂಡು."

"ಸುಳ್ಳು! ನನ್ನ ಹತ್ರ ಅವರು ಸಾವಿನ ಮಾತೇ ಎತ್ತಿರ್ಲಿಲ್ಲ."

"ಹೇಗೆ ಎತ್ತೋದು? 'ಅವಳು ರಾತ್ರಿ ನಿದ್ದೆ ಬಂದವಳ ಹಾಗೆ ಕಣ್ಮುಚ್ಚಿರ್ತಾಳೆ, ನನಗೆ ಭಯ ಅಂದ್ರೆ ಅತ್ತುಬಿಡ್ತಾಳೆ' ಅಂತಿದ್ದ. ನಾನು ಬಂದ್ರೆ, ಸಾವು ಹತ್ರ ಇದೆ ಅಂತ ನಿನಗೆ ಗೊತ್ತಾಗತ್ತೆ, ಬರೋದೇ ಬೇಡ ಅಂದ."

ಅವಳು ಅಲ್ಲೇ ಒಂದು ಕೆತ್ತದ ಕಲ್ಲಿನ ಮೇಲೆ ಕೂತಳು. ಅಳು ಕಾಣದಿರಲೆಂದು ತಾನು ನಿದ್ದೆ ನಟಿಸುತ್ತಿದ್ದದ್ದು ಗಂಡನಿಗೆ ಗೊತ್ತಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

"ನೀವು ಇದನ್ನೆಲ್ಲ ನಂಬ್ತೀರಾ?" ಕೊನೆಗೆ ಕೇಳಿದಳು.

"ಗೊತ್ತಿಲ್ಲಮ್ಮ. ಅವನೂ ಅರ್ಧಂಬರ್ಧವೇ ನಂಬಿದ್ದ. ಆದ್ರೆ ಆಸೆ ಪೂರ್ತಿ ಇತ್ತು."

ಭಾವನ ಮೇಲಿನ ಅನುಮಾನ ಕರಗಿತು. ಆ ಪದದ ಮೇಲಿನದು ಹಾಗೇ ಉಳಿಯಿತು: ಮಣ್ಣಿನಿಂದ ಯಾರು ಯಾರನ್ನು ಬಿಡಿಸಿಕೊಂಡಾರು? ಉಳಿ ಹಿಡಿದು ಕಾಯುತ್ತಿದ್ದವನ ಕಡೆ ತಿರುಗಿದಳು.

"ಕೆತ್ತಿ," ಎಂದಳು. "ಸ್ವಲ್ಪ ಆಳವಾಗೇ ಕೆತ್ತಿ."