ಸೋಮವಾರದ ಅಳತೆ

2007ರ ಫೆಬ್ರುವರಿ 8, ಗುರುವಾರ, ಬೆಳಿಗ್ಗೆ 7 ಗಂಟೆ 10 ನಿಮಿಷ. ಪೃಥ್ವಿ ತನ್ನ ದೊಡ್ಡಪ್ಪನ ಎರಡು ಹೆಬ್ಬೆರಳುಗಳನ್ನು ಜೋಡಿಸಿ ಬಿಳಿ ಬಟ್ಟೆಯ ಪಟ್ಟಿಯಿಂದ ಕಟ್ಟುತ್ತಿದ್ದ. ಮೊದಲ ಗಂಟು ಜಾರಿತು. ಎರಡನೆಯದು ಬಿಗಿಯಾಗುವ ಹೊತ್ತಿಗೆ ಬಲ ಹೆಬ್ಬೆರಳಿನ ಉಗುರು ಬಟ್ಟೆಯ ಎಳೆಯೊಂದಕ್ಕೆ ಸಿಕ್ಕಿಕೊಂಡಿತು.

“ದೊಡ್ಡಮ್ಮಾ, ಇದೊಂದು ಉಗುರು ಕತ್ತರಿಸಿಬಿಡ್ಲಾ? ಅಡ್ಡ ಬರ್ತಿದೆ.”

“ಮುಟ್ಟಬೇಡ,” ಎಂದಳು ವೈಜಯಂತಿ. ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು. ಗೋಡೆಗೊರಗಿ ಕೂತಿದ್ದ ಹೌಸಿಂಗ್ ಸೊಸೈಟಿಯ ಇಬ್ಬರು ಹೆಂಗಸರು ತಲೆಯೆತ್ತಿ ನೋಡಿದರು. ಅವಳು ಹತ್ತಿರ ಬಂದು ಎಳೆಯನ್ನು ಬಿಡಿಸಿ, ಪಟ್ಟಿಯನ್ನು ಬೆರಳ ಬುಡಕ್ಕೆ ಸರಿಸಿದಳು. “ಇಲ್ಲಿ ಕಟ್ಟು ಮರಿ. ತುಂಬ ಬಿಗಿ ಬೇಡ.”

ದಕ್ಷಿಣಾಮೂರ್ತಿಯವರ ಎಡಗೈ ಉಗುರುಗಳನ್ನು ಮಾಂಸದ ಮಟ್ಟಕ್ಕೆ ಕತ್ತರಿಸಲಾಗಿತ್ತು. ಬಲಗೈಯವು ಬೆರಳ ತುದಿಯಿಂದ ಮುಂದೆ ಬಂದು, ಓರೆಯಾಗಿ, ನುಣುಪಾಗಿ ಹೊಳೆಯುತ್ತಿದ್ದವು. ಎಡಗೈ ತಂತಿ ಒತ್ತುವ ಕೈ, ಬಲಗೈ ಮೀಟುವ ಕೈ; ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ನುಡಿಸುವವರ ಕೈಗಳು ಹೀಗೇ ಇರುತ್ತವೆ. ಹಿಂದಿನ ರಾತ್ರಿ ಆಸ್ಪತ್ರೆಯಲ್ಲಿ ನರ್ಸ್ ಬೆರಳಿಗೆ ನಾಡಿ ನೋಡುವ ಕ್ಲಿಪ್ ಹಾಕಲು ಬಂದಾಗಲೂ ಅವರು ಎದೆ ಹಿಡಿದುಕೊಂಡೇ ಎಡಗೈಯನ್ನು ಚಾಚಿದ್ದರು. ಅದು ಒಂಬತ್ತೂವರೆಗೆ. ಹತ್ತು ಐವತ್ತಕ್ಕೆ ಎಲ್ಲ ಮುಗಿದಿತ್ತು. ಎಪ್ಪತ್ತು ವರ್ಷ.

ಮಯೂರ್ ವಿಹಾರ್‌ನ ಆ ಎರಡನೇ ಮಹಡಿಯ ಕಿಟಕಿಯಾಚೆ ಮಂಜು ಇನ್ನೂ ಕರಗಿರಲಿಲ್ಲ. ತಲೆದೆಸೆಯಲ್ಲಿ ದೀಪವಿಡಲು ಬೇರೇನೂ ಸಿಗದೆ ಯಾರೋ ಒಂದು ಪುಟ್ಟ ಮರದ ಪೀಠವನ್ನು ತಂದಿಟ್ಟಿದ್ದರು. ನುಡಿಸುವಾಗ ಅವರು ಎಡಗಾಲಿಡುತ್ತಿದ್ದ ಪೀಠ ಅದು. ವೈಜಯಂತಿ ನೋಡಿದಳು, ತೆಗೆಯಲು ಹೇಳಲಿಲ್ಲ.

ಏಳೂವರೆಗೆ ಆರ್.ಕೆ. ಪುರಂನಿಂದ ಸ್ಕೂಟರಿನಲ್ಲಿ ಗೋಪಿನಾಥ ಭಟ್ಟರು ಬಂದರು. ಮಂಕಿ ಟೋಪಿ ತೆಗೆದು, ಕನ್ನಡಕ ಒರೆಸಿಕೊಂಡು, “ನಿಗಮಬೋಧ ಘಾಟ್ ಸ್ಮಶಾನದಲ್ಲಿ ಹನ್ನೊಂದಕ್ಕೆ ಅಂತ ಹೇಳಿದೀನಿ. ಕ್ರಿಯೆ ಮಾಡೋ ಕರ್ತೃ ಯಾರು, ಇವರಾ?” ಎಂದು ಪೃಥ್ವಿಯತ್ತ ನೋಡಿದರು.

“ನಾನು,” ಎಂದಳು ಧನ್ಯಾ. ಒಬ್ಬಳೇ ಮಗಳು, ಇಪ್ಪತ್ತನಾಲ್ಕು ವರ್ಷ. ಬೆಳಗಿನ ಜಾವ ಶವ ಮನೆಗೆ ಬಂದಾಗಿನಿಂದ ಅಪ್ಪನ ಪಾದದ ಬಳಿಯಿಂದ ಅವಳು ಎದ್ದಿರಲಿಲ್ಲ.

ಭಟ್ಟರು ಕುರ್ಚಿಯಲ್ಲಿದ್ದ ಸುಶೀಲಮ್ಮನವರತ್ತ ನೋಡಿದರು. ದಕ್ಷಿಣಾಮೂರ್ತಿಯವರ ಅಕ್ಕ, ಎಪ್ಪತ್ತೊಂಬತ್ತರ ಹಿರಿಯರು. ಶಾಸ್ತ್ರದ ವಿಷಯ ಬಂದರೆ ಈ ಮನೆತನದಲ್ಲಿ ಅವರು ಹೇಳಿದ್ದೇ ಕೊನೆ. ಅವರು ಕಣ್ಣು ಮುಚ್ಚಿಕೊಂಡಿದ್ದರು.

“ಈಗೆಲ್ಲ ಹೆಣ್ಣುಮಕ್ಕಳೂ ಮಾಡ್ತಾರಮ್ಮ, ನಾನೇ ಮಾಡಿಸಿದೀನಿ,” ಎಂದರು ಭಟ್ಟರು. “ತಲೆ ಬೋಳಿಸೋ ವಿಷಯ ಬಿಡೋಣ. ಆದರೆ ಕರ್ತೃ ಉಗುರು ತೆಗೀಲೇಬೇಕು. ಅದಿಲ್ಲದೆ ನಾನು ಮಂತ್ರ ಶುರು ಮಾಡೋಕಾಗಲ್ಲ.”

ಧನ್ಯಾ ತನ್ನ ಬಲಗೈ ನೋಡಿಕೊಂಡಳು. ಅದೂ ಅಪ್ಪನ ಕೈಯಂಥದೇ. ಫ್ರಿಜ್ಜಿನ ಬಾಗಿಲಿನ ಮೇಲೆ ಆಹ್ವಾನ ಪತ್ರಿಕೆ ಇತ್ತು: ಫೆಬ್ರುವರಿ 24, ಶನಿವಾರ, ಸಂಜೆ ಆರೂವರೆ. ಅವಳ ಮೊದಲ ಪೂರ್ಣ ಕಛೇರಿ. ಒಂದೂವರೆ ಗಂಟೆ, ಒಬ್ಬಳೇ. ಐದು ಊರುಗಳಲ್ಲಿ ಕಛೇರಿ ಏರ್ಪಡಿಸುವ ಸಂಸ್ಥೆಯೊಂದರವರು ಅವಳನ್ನು ಕೇಳಲೆಂದೇ ಬರುವವರಿದ್ದರು. ಪತ್ರಿಕೆಯ ಕರಡನ್ನು ಮೂರು ಸಲ ತಿದ್ದಿದವರು ಅಪ್ಪ.

“ತೆಗೀರಿ,” ಎಂದು ಕೈ ಚಾಚಿದಳು. “ಪಿಂಗ್‌ಪಾಂಗ್ ಬಾಲ್ ಕಟ್ ಮಾಡಿ ಅಂಟಿಸ್ಕೋತೀನಿ. ಸಬ್ ಕರ್ತೇ ಹೈಂ. ಉಗುರು ಮುರಿದ್ರೆ ಎಲ್ಲರೂ ಅದನ್ನೇ ಮಾಡೋದು.”

“ಬೇಡ,” ಎಂದಳು ವೈಜಯಂತಿ. “ಪೃಥ್ವಿ ಮಾಡಲಿ.”

“ಅಮ್ಮಾ, ಪ್ಲೀಸ್. ಅಪ್ಪನಿಗೆ ನಾನಲ್ದೆ ಇನ್ಯಾರು? ಪೃಥ್ವಿ, ಬುರಾ ಮತ್ ಮಾನ್‌ನಾ.”

“ನಂಗೇನಿಲ್ಲ, ಯಾರ್,” ಎಂದ ಪೃಥ್ವಿ. ಘಾಜಿಯಾಬಾದಿನಿಂದ ರಾತ್ರಿಯೇ ಬಂದವನ ಕಣ್ಣುಗಳು ಕೆಂಪಾಗಿದ್ದವು. “ಆದ್ರೆ ನಿನ್ನ ಪ್ರೋಗ್ರಾಂ ಕೆಟ್ರೆ ದೊಡ್ಡಪ್ಪ ನನ್ನ ಕನಸಲ್ಲಿ ಬಂದು ಬೈತಾರೆ. ಅದೂ ಇಂಗ್ಲಿಷಲ್ಲಿ.”

ಯಾರೋ ಸಣ್ಣಗೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ವೈಜಯಂತಿ ಮನಸ್ಸಿನಲ್ಲೇ ಲೆಕ್ಕ ಹಾಕಿ ಮುಗಿಸಿದ್ದಳು.

“ಹದಿನಾರು ದಿನ. ಒಂದು ಪಾಯಿಂಟ್ ಆರು,” ಎಂದಳು.

ಭಟ್ಟರಿಗೆ ಅರ್ಥವಾಗಲಿಲ್ಲ. ಧನ್ಯಾಳಿಗೆ ಆಯಿತು. ಆದರೂ ಚಾಚಿದ ಕೈಯನ್ನು ಹಿಂದೆಗೆದುಕೊಳ್ಳಲಿಲ್ಲ.

* * *

ಮದುವೆಯಾದ ಮೊದಲ ಸೋಮವಾರ, 1969ರಲ್ಲಿ, ದಕ್ಷಿಣಾಮೂರ್ತಿ ಹೆಂಡತಿಯ ಕೈಗೆ ಒಂದು ವರ್ನಿಯರ್ ಕ್ಯಾಲಿಪರ್ ಕೊಟ್ಟಿದ್ದರು. ಅವರಿಗೆ ಅಳತೆಯ ಮಾನಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸ. ಗಿಟಾರ್ ಕಲಿಸಿದ್ದು ಅದೇ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಗೋವಾದವರೊಬ್ಬರು.

“ಬಲಗೈ ಅಳೀಬೇಕು. ಎಡಗೈಯಲ್ಲಿ ಹಿಡ್ಕೊಂಡು ಓದಿದ್ರೆ ತಪ್ಪಾಗುತ್ತೆ. ನೀನು ಓದು, ನಾನು ಬರ್ಕೋತೀನಿ.”

ಬೆರಳ ತುದಿಯ ಮಾಂಸದಿಂದ ಉಗುರಿನ ಅಂಚಿನವರೆಗೆ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ನಿಖರವಾಗಿ. ಹೆಬ್ಬೆರಳು, ತೋರು, ನಡು, ಉಂಗುರ. ಕಿರುಬೆರಳು ತಂತಿ ಮುಟ್ಟುವುದಿಲ್ಲ, ಅದಕ್ಕೆ ಅಳತೆಯಿಲ್ಲ. ಹೆಬ್ಬೆರಳಿಗೆ ಎರಡು ಪಾಯಿಂಟ್ ಮೂರು ಬೇಕು. ಕಡಿಮೆಯಾದರೆ ನಾದ ಮಂಕು, ಹೆಚ್ಚಾದರೆ ಕರ್ಕಶ. ಅಳೆದ ಮೇಲೆ ನಯವಾದ ಸ್ಯಾಂಡ್ ಪೇಪರಿನಿಂದ ಉಜ್ಜಿ, ಮತ್ತೊಮ್ಮೆ ಅಳೆದು, ನೀಲಿ ರಟ್ಟಿನ ನೋಟ್‌ಪುಸ್ತಕದಲ್ಲಿ ಬರೆಯುತ್ತಿದ್ದರು. ಉಗುರು ದಿನಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಬೆಳೆಯುತ್ತದೆ ಎಂದು ವೈಜಯಂತಿಗೆ ತಿಳಿದದ್ದು ಆ ಪುಸ್ತಕದಿಂದಲೇ. ಹೊಸ ಗಂಡನ ಕೈಯನ್ನು ಹೀಗೆ ಹಗಲು ಬೆಳಕಿನಲ್ಲಿ ಹಿಡಿದು ನೋಡುವುದಕ್ಕೆ ಅವಳಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ಹಾಲಿನವನು ಬಂದು ಬಾಗಿಲು ತಟ್ಟಿದರೂ ಅವರು ಕೈ ಬಿಡಿಸಿಕೊಳ್ಳುತ್ತಿರಲಿಲ್ಲ. “ಓದು, ಓದು,” ಎನ್ನುತ್ತಿದ್ದರು.

ಧನ್ಯಾ ಎಂಟನೆಯ ವರ್ಷಕ್ಕೆ ಗಿಟಾರ್ ಹಿಡಿದಾಗ ಪುಟದ ನಡುವೆ ಒಂದು ಗೆರೆ ಎಳೆದರು. ಎಡಕ್ಕೆ ಅವರದು, ಬಲಕ್ಕೆ ಮಗಳದು. ಎರಡನ್ನೂ ಓದುತ್ತಿದ್ದವಳು ವೈಜಯಂತಿ.

* * *

ಆ ಪುಸ್ತಕದಲ್ಲಿ ಸೋಮವಾರವಲ್ಲದ ದಾಖಲೆ ಒಂದೇ ಒಂದು ಇತ್ತು. 1974ರ ನವೆಂಬರ್ 8, ಶುಕ್ರವಾರ. ನಾಲ್ಕು ಬೆರಳುಗಳ ಮುಂದೆ ನಾಲ್ಕು ಸೊನ್ನೆ.

ಆ ಬೆಳಿಗ್ಗೆ ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ದಕ್ಷಿಣಾಮೂರ್ತಿಯವರ ತಂದೆ ತೀರಿಕೊಂಡಿದ್ದರು. ಮಂಡಿ ಹೌಸ್ ಹತ್ತಿರದ ಸಭಾಂಗಣದಲ್ಲಿ ಮಗನ ಗಿಟಾರ್ ಕಛೇರಿ ಇದ್ದದ್ದು ಹದಿನಾಲ್ಕು ದಿನಗಳ ನಂತರ. ಅದು ಚೆನ್ನಾಗಿ ಆದರೆ ಬೊಂಬಾಯಿ, ಕಲ್ಕತ್ತ, ಮದರಾಸು ಎಂದು ಏರ್ಪಡಿಸಿದವರು ಮಾತು ಕೊಟ್ಟಿದ್ದರು.

ಕ್ಷೌರಿಕ ಅಂಗಳದಲ್ಲಿ ಕೂತಿದ್ದ. ದಕ್ಷಿಣಾಮೂರ್ತಿ ಅಕ್ಕನ ಬಳಿ ಬಂದು ತಗ್ಗಿದ ದನಿಯಲ್ಲಿ, “ಅಕ್ಕಾ, ಬಲಗೈ ಒಂದು ಬಿಡಬಹುದಾ?” ಎಂದು ಕೇಳಿದರು.

ಸುಶೀಲಮ್ಮ ಅವರನ್ನು ನೋಡಿ, “ಅಪ್ಪನಿಗಿಂತ ಗಿಟಾರ್ ದೊಡ್ಡದೇನೋ?” ಎಂದರು.

ಅವರು ಹೋಗಿ ಕ್ಷೌರಿಕನ ಮುಂದೆ ಕೂತು ಎರಡೂ ಕೈ ಚಾಚಿದರು.

ಕಛೇರಿಯ ದಿನ ಹೆಬ್ಬೆರಳ ಉಗುರು ಒಂದು ಪಾಯಿಂಟ್ ನಾಲ್ಕು ಬಂದಿತ್ತು. ಪಿಂಗ್‌ಪಾಂಗ್ ಚೆಂಡನ್ನು ಕತ್ತರಿಸಿ ಅಂಟಿಸಿಕೊಂಡು ಹೋದರು. ಮೂರನೆಯ ಕೃತಿಯ ನಡುವೆ ಹೆಬ್ಬೆರಳಿನ ಚೂರು ಕಿತ್ತು ಹಾರಿತು. ಉಳಿದ ಮುಕ್ಕಾಲು ಗಂಟೆ ಬರಿಯ ಮಾಂಸದಿಂದ ಮೀಟಿದರು. ಮಂದ್ರದ ತಂತಿಗಳು ಕಂಬಳಿ ಹೊದ್ದುಕೊಂಡು ಮಾತಾಡಿದಂತೆ ಕೇಳಿದವು. ಜನ ಚಪ್ಪಾಳೆ ತಟ್ಟಿದರು. ಬೊಂಬಾಯಿಯಿಂದ ಪತ್ರ ಬರಲಿಲ್ಲ.

ಆಮೇಲೂ ಅವರು ನುಡಿಸಿದರು. ಶಾಲೆಯ ವಾರ್ಷಿಕೋತ್ಸವಗಳಲ್ಲಿ, ಎರಡು ಚರ್ಚುಗಳಲ್ಲಿ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಕೋಲಾಟಕ್ಕೂ ಊಟಕ್ಕೂ ನಡುವೆ. ಮೈಕಿನಲ್ಲಿ ಬಿಸಿಬೇಳೆಬಾತು ಸಿದ್ಧವಾಗಿದೆಯೆಂದು ಘೋಷಿಸಿದಾಗಲೂ ನಡುವೆ ನಿಲ್ಲಿಸದೆ ಕೃತಿಯನ್ನು ಪೂರ್ತಿ ಮುಗಿಸಿ ಎದ್ದಿದ್ದರು. ಅಕ್ಕನ ಮಾತನ್ನು ಯಾರೆದುರೂ ಆಡಲಿಲ್ಲ. ಪ್ರತಿ ದೀಪಾವಳಿಗೂ ಅವರ ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿ ಬರುತ್ತಿದ್ದರು.

* * *

“ಏನಮ್ಮಾ, ಹೊತ್ತಾಯ್ತು,” ಎಂದರು ಭಟ್ಟರು.

ಸುಶೀಲಮ್ಮ ಕಣ್ಣು ತೆರೆದರು. “ನೇಲ್ ಕಟರ್ ಕೊಡಿ.”

ಪೃಥ್ವಿ ತಂದುಕೊಟ್ಟ. ಅವರು ಕುರ್ಚಿಯ ಕೈ ಹಿಡಿದು, ಮೊದಲು ಒಂದು ಮಂಡಿ, ಆಮೇಲೆ ಇನ್ನೊಂದನ್ನು ಊರಿ ನೆಲಕ್ಕಿಳಿದರು. ವೈಜಯಂತಿ ಅವರ ಮಣಿಕಟ್ಟು ಹಿಡಿದುಕೊಂಡಳು. “ಅತ್ತಿಗೆ, ಬೇಡಿ. ನಿಮ್ಮ ಕೈ ಮುಗೀತೀನಿ. ಒಂದು ಸಲ ಆದದ್ದು ಸಾಕು.”

“ಬಿಡು ವೈಜೂ,” ಎಂದರು ಅವರು.

ಧನ್ಯಾ ಬಲಗೈ ಮುಂದಿಟ್ಟಳು. ಸುಶೀಲಮ್ಮ ಆ ಕೈಯನ್ನು ತೆಗೆದುಕೊಂಡು, ಉಗುರುಗಳನ್ನು ಒಂದೊಂದಾಗಿ ನೋಡಿ, ಅವಳ ಮಡಿಲಿಗೇ ಮರಳಿಸಿದರು. ಎಡಗೈ ನೋಡಿದರು. ಅಲ್ಲಿ ಕತ್ತರಿಸಲು ಏನೂ ಇರಲಿಲ್ಲ. ಆಮೇಲೆ ಬಗ್ಗಿ, ಅವಳ ಬಲಪಾದವನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಅತ್ತೇ!” ಧನ್ಯಾ ಕಾಲೆಳೆದುಕೊಂಡಳು. “ಕಾಲು ಮುಟ್ಬೇಡಿ! ನೀವು ದೊಡ್ಡವ್ರು!”

“ಸುಮ್ನೆ ಕೂತ್ಕೊ. ಅಲ್ಲಾಡಿದ್ರೆ ಮಾಂಸಕ್ಕೆ ಹತ್ತುತ್ತೆ. ನಂಗೆ ಮೊದ್ಲೇ ಕಣ್ಣು ಕಾಣಲ್ಲ.”

ಮೊದಲ ಕಟ್ ಸದ್ದು ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಕಿರುಬೆರಳಿಗೆ ಬಂದಾಗ ಕಟರ್ ಎರಡು ಸಲ ತಪ್ಪಿತು. ಐದು ಮುಗಿಸಿ ಇನ್ನೊಂದು ಕಾಲು ಎಂದು ಕೈ ತೋರಿಸಿದರು. ಧನ್ಯಾ ಎರಡೂ ಅಂಗೈಗಳಲ್ಲಿ ಮುಖ ಮುಚ್ಚಿಕೊಂಡು, ರಾತ್ರಿಯಿಂದ ಅಳದಿದ್ದವಳು, ಬಿಕ್ಕಿ ಬಿಕ್ಕಿ ಅಳತೊಡಗಿದಳು. ಪಾದ ಮಾತ್ರ ಅಲ್ಲಾಡಿಸಲಿಲ್ಲ.

“ಹತ್ತು,” ಎಂದರು ಸುಶೀಲಮ್ಮ. “ಎಣಿಸ್ಕೊಳ್ಳಿ ಭಟ್ರೇ. ಸಾಲದಿದ್ರೆ ನನ್ನವು ಇಪ್ಪತ್ತು ಇವೆ.”

ಭಟ್ಟರು ನೆಲದ ಮೇಲಿನ ಚೂರುಗಳನ್ನು, ಮಲಗಿದ್ದವರ ಕಟ್ಟಿದ ಹೆಬ್ಬೆರಳುಗಳನ್ನು, ಮತ್ತೆ ಆ ಮುದುಕಿಯನ್ನು ನೋಡಿದರು. “ಸಾಕಮ್ಮ, ಸಾಕು,” ಎಂದು ಪಂಚೆ ಸರಿಪಡಿಸಿಕೊಂಡು ದರ್ಭೆಯ ಕಟ್ಟು ಬಿಚ್ಚಿದರು. “ಬಾ ಮಗು. ಸ್ನಾನ ಮಾಡಿ ಬಂದು ಇಲ್ಲಿ ಕೂತ್ಕೊ.”

* * *

ಶವ ಹೊತ್ತ ವ್ಯಾನು ಹೊರಟ ಮೇಲೆ ಮನೆಯಲ್ಲಿ ನಾದಿನಿ, ಅತ್ತಿಗೆ ಇಬ್ಬರೇ ಉಳಿದರು. ವೈಜಯಂತಿ ನೆಲ ತೊಳೆದಳು. ಇಬ್ಬರೂ ಸ್ನಾನ ಮುಗಿಸಿದರು. ಎದುರು ಮನೆಯವರು ಕಳಿಸಿದ ಚಹಾ ಸ್ಟೀಲಿನ ಡಬ್ಬಿಯಲ್ಲಿ ಆರುತ್ತಿತ್ತು.

“ಅವತ್ತು ನಾನು ಮೊದಲನೇ ಸಾಲಲ್ಲಿ ಕೂತಿದ್ದೆ,” ಎಂದರು ಸುಶೀಲಮ್ಮ. ಯಾವತ್ತು ಎಂದು ವೈಜಯಂತಿ ಕೇಳಲಿಲ್ಲ. “ಆ ಚೂರು ಬಂದು ನನ್ನ ಕಾಲ ಹತ್ರವೇ ಬಿತ್ತು. ಬೆಳ್ಳಗೆ, ಇಷ್ಟೇ ಇಷ್ಟು. ಯಾರಿಗೂ ಕಾಣಬಾರ್ದು ಅಂತ ಚಪ್ಪಲಿ ಅಡಿ ಮುಚ್ಚಿಕೊಂಡು ಕೂತೆ. ಮುಗಿಯೋವರೆಗೂ ಕಾಲೆತ್ತಲಿಲ್ಲ.”

“ಅವರು ನೋಡಿದ್ರು ಅತ್ತಿಗೆ. ಮನೆಗೆ ಬಂದ ಮೇಲೆ ಹೇಳಿದ್ರು.”

“ಏನಂದ?”

“‘ಅಕ್ಕನಿಗೆ ಕಾಲು ಜುಮ್ಮು ಹಿಡಿದಿರ್ಬೇಕು, ಪಾಪ’ ಅಂದ್ರು.”

ಸುಶೀಲಮ್ಮ ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಘಾಟ್‌ಗೆ ಹೋದವರು ಮೂರು ಗಂಟೆಗೆ ಮರಳಿದರು. “ಚೆನ್ನಾಗಿ ಮಾಡಿದ್ಲು ದೊಡ್ಡಮ್ಮಾ,” ಎಂದ ಪೃಥ್ವಿ ಬಾಗಿಲಲ್ಲೇ. “ಬೆಂಕಿ ಮಾತ್ರ ಎಡಗೈಲಿ ಹಿಡಿದ್ಲು. ಭಟ್ರು ಬಲಗೈ ಅಂದ್ರು. ಇವಳು ಕೇಳಿಸಲೇ ಇಲ್ಲ ಅನ್ನೋ ಹಾಗೆ ಇದ್ಲು. ಅವರೂ ಮತ್ತೆ ಹೇಳಲಿಲ್ಲ.”

ಸಂಜೆ ಐದರ ಹೊತ್ತಿಗೆ ಮಂಜು ಮತ್ತೆ ಇಳಿಯತೊಡಗಿತು. ಧನ್ಯಾ ಒದ್ದೆ ಕೂದಲು ಬಿಟ್ಟುಕೊಂಡು ದೀಪದ ಮುಂದೆ ಕೂತಿದ್ದಳು. ದೀಪ ಇನ್ನೂ ಆ ಪುಟ್ಟ ಪೀಠದ ಮೇಲೆಯೇ ಉರಿಯುತ್ತಿತ್ತು. ವೈಜಯಂತಿ ಕಪಾಟಿನಿಂದ ನೋಟ್‌ಪುಸ್ತಕ, ಕ್ಯಾಲಿಪರ್ ಎರಡನ್ನೂ ತಂದು ಪಕ್ಕದಲ್ಲಿ ಕೂತಳು. ಕೊನೆಯ ದಾಖಲೆ ಫೆಬ್ರುವರಿ 5ರದು. ಎಡಕ್ಕೆ ಹೆಬ್ಬೆರಳು 2.3. ಬಲಕ್ಕೆ 2.1.

“ಇವತ್ತು ಸೋಮವಾರ ಅಲ್ಲಮ್ಮ,” ಎಂದಳು ಧನ್ಯಾ.

“ಗೊತ್ತು. ಕೈ ಕೊಡು.”

ಧನ್ಯಾ ಎಡಗೈಯಲ್ಲಿ ಪೆನ್ನು ಹಿಡಿದು, ಸೊಟ್ಟ ಅಕ್ಷರಗಳಲ್ಲಿ ತಾರೀಖು ಬರೆದಳು. ಗೆರೆಯ ಎಡಭಾಗವನ್ನು ಖಾಲಿ ಬಿಟ್ಟಳು. ವೈಜಯಂತಿ ಮಗಳ ಬಲಗೈಯನ್ನು ಕಿಟಕಿಯ ಕಡೆಗೆ ತಿರುಗಿಸಿ, ಕನ್ನಡಕವನ್ನು ಹಣೆಗೆ ಸರಿಸಿ, ಕ್ಯಾಲಿಪರಿನ ಗೀರು ಗೀರಿಗೆ ಕೂಡುವುದನ್ನು ಕಾದಳು. ಕಣ್ಣು ತುಂಬಿಕೊಂಡಿತು, ಒರೆಸಿಕೊಂಡು ಮೊದಲಿನಿಂದ ನೋಡಿದಳು.

“ಬರ್ಕೋ,” ಎಂದಳು. “ಹೆಬ್ಬೆರಳು, ಎರಡು ಪಾಯಿಂಟ್ ನಾಲ್ಕು ಮಿಲಿಮೀಟರ್.”