ಎಷ್ಟು ಎಂದು ಕೇಳಿದ ಕಿಟಕಿ

ಆ ಆಸ್ಪತ್ರೆಯಲ್ಲೊಂದು ಕಟ್ಟುನಿಟ್ಟು. ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮುನ್ನ ಲ್ಯಾಬಿನಾಕೆ ಗೋಡೆಯ ಪುಟ್ಟ ಕಿಟಕಿ ಸರಿಸಿ ಕೇಳುತ್ತಾಳೆ: ಹೆಸರು? ಹುಟ್ಟಿದ ದಿನ? ಎಷ್ಟು ಭ್ರೂಣ? ಉತ್ತರ ಮಲಗಿದವಳ ಬಾಯಿಂದಲೇ ಬರಬೇಕು. ಡಾಕ್ಟರೂ ಹೇಳಿಕೊಡುವಂತಿಲ್ಲ.

ಕ್ರೇನಮ್ಮ ಅಲ್ಲಿ ಮಲಗಿದ್ದು ಎರಡನೆಯ ಸಲ. ಗೋದಾಮಿನಲ್ಲಿ ಕ್ರೇನ್ ನಡೆಸುವವಳಿಗೆ ಜೊತೆಯವರು ಇಟ್ಟ ಹೆಸರು ಅದು. ಹೋದ ಸಲ ಎರಡು ಹಾಕಿಸಿಕೊಂಡಿದ್ದಳು, ಎರಡೂ ನಿಂತಿದ್ದವು. ಖುಷಿಗೆ ಮನೆಮಂದಿಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಐದೂವರೆ ತಿಂಗಳಿಗೇ ಹೆರಿಗೆಯಾಯಿತು. ಎರಡು ಮಕ್ಕಳೂ ಅಳಲಿಲ್ಲ.

ಈ ಸಲ ಲ್ಯಾಬಿನಲ್ಲಿ ಬೆಳೆದ ಭ್ರೂಣಗಳೂ ಎರಡೇ. “ಒಂದು ಹಾಕೋಣ, ಇನ್ನೊಂದು ಫ್ರೀಜರಿನಲ್ಲಿರಲಿ. ಅವಳಿ ಆದ್ರೆ ಮತ್ತೆ ಮೊದಲೇ ಹೆರಿಗೆ ಆಗೋ ಭಯ ಇದೆ” ಎಂದು ಲ್ಯಾಬಿನಾಕೆ ಬಿಡಿಸಿ ಹೇಳಿದ್ದಳು. ಆದರೆ ಫಾರ್ಮು ತುಂಬುವಾಗ ಗಂಡನ ಅಕ್ಕ ಪಕ್ಕದಲ್ಲೇ ಕೂತಿದ್ದರು.

“ಒಂದು ಕೈಕೊಟ್ರೆ ಇನ್ನೊಂದಿರುತ್ತಲ್ಲೇ! ಫ್ರಿಜ್ಜಲ್ಲಿಟ್ಟು ಬರೋಕೆ ಅದೇನು ಮಿಕ್ಕ ಹಾಲಾ?”

ಗಂಡ “ನೀನು ಹೇಗಂತೀಯೋ ಹಾಗೆ” ಎಂದು ಮೊಬೈಲಿನೊಳಗೆ ತಲೆ ತೂರಿಸಿದ. ಕ್ರೇನಮ್ಮ ಎರಡು ಎಂದು ಬರೆದು ಸಹಿ ಹಾಕಿದಳು. ಫಾರ್ಮು ಕೈಬಿಟ್ಟು ಹೋಗುವವರೆಗೂ ಆ ಅಂಕಿಯನ್ನೇ ನೋಡುತ್ತಿದ್ದಳು.

ಈಗ ಕಿಟಕಿ ಸರಿಯಿತು.

“ಎಷ್ಟು?”

ಕ್ರೇನಮ್ಮ ಕಿಟಕಿಯತ್ತ ತಲೆ ತಿರುಗಿಸಿದಳು. ಗೋದಾಮಿನಲ್ಲಿ ಕೆಳಗೆ ಹತ್ತು ಜನ ಎತ್ತು, ಇಳಿಸು ಎಂದು ಕೂಗುತ್ತಿದ್ದರೂ ಮೇಲೆ ಕ್ಯಾಬಿನ್ನಿನಲ್ಲಿ ಲಿವರ್ ಹಿಡಿದವಳು ತಾನೊಬ್ಬಳೇ ಎಂಬುದು ಅವಳಿಗೆ ದಿನವೂ ಗೊತ್ತಿದ್ದ ಸಂಗತಿ.

“ಒಂದು.”

ಡಾಕ್ಟರು ಕನ್ನಡಕ ಏರಿಸಿದರು. “ಫಾರ್ಮಲ್ಲಿ ಎರಡು ಅಂತಿದೆಯಲ್ಲಮ್ಮ?”

“ಆಗ ಅತ್ತಿಗೆ ಪಕ್ಕದಲ್ಲಿದ್ರು ಸರ್. ಇಲ್ಲಿ ನಾನೊಬ್ಳೇ.”

ಮಾಸ್ಕಿನ ಹಿಂದೆ ಲ್ಯಾಬಿನಾಕೆ ಕಿಸಕ್ಕೆಂದಳು.

“ಈ ಸಲಕ್ಕೆ ಚಾನ್ಸು ಸ್ವಲ್ಪ ಕಮ್ಮಿಯಾಗಬಹುದು” ಎಂದರು ಡಾಕ್ಟರು.

“ಆಗ್ಲಿ. ಎರಡನ್ನ ಹೊಟ್ಟೇಲಿ ಹೊತ್ತು, ಎರಡನ್ನೂ ಮಣ್ಣಿಗಿಟ್ಟೋಳು ನಾನು. ಪೆನ್ನು ಕೊಡಿ.”

ಅಂಗಾತ ಮಲಗಿಯೇ ಹಳೆಯ ಅಂಕಿ ಹೊಡೆದುಹಾಕಿ ಹೊಸದಾಗಿ ಸಹಿ ಮಾಡಿದಳು. ಅಕ್ಷರ ಸೊಟ್ಟಗಾಯಿತು, ಮನಸ್ಸು ನೆಟ್ಟಗಾಯಿತು.

ಸುದ್ದಿ ಕೇಳಿದ ಅತ್ತಿಗೆ ಮುಖ ಊದಿಸಿಕೊಂಡು ಹೋದವರು ಹನ್ನೆರಡು ದಿನ ಮಾತುಬಿಟ್ಟರು. ಹದಿಮೂರನೆಯ ದಿನ ರಕ್ತಪರೀಕ್ಷೆಯ ಫಲ ಬಂತು: ನಿಂತಿದೆ! ಐದೂವರೆ ತಿಂಗಳಾದ ವಾರ ಕ್ರೇನಮ್ಮ ಉಸಿರು ಬಿಗಿಹಿಡಿದೇ ದಿನ ದೂಡಿದಳು. ವಾರ ದಾಟಿತು. ಆರು, ಏಳು, ಎಂಟು ತಿಂಗಳೂ ದಾಟಿದವು. ಹೊಟ್ಟೆ ಸ್ಟೀರಿಂಗಿಗೆ ತಾಗುತ್ತಿದೆ ಎಂದು ಗಂಡನ ಕೈಯಿಂದ ಕಾರಿನ ಸೀಟು ಹಿಂದೆ ಸರಿಸಿಸಿಕೊಂಡಳು.

ದಿನ ತುಂಬಿಯೇ ಹೆತ್ತಳು. ಹೆಣ್ಣು, ಮೂರು ಕಿಲೋ ಇನ್ನೂರು ಗ್ರಾಂ. ತೂಕದ ತಟ್ಟೆಯ ಮೇಲೆ ಮುಷ್ಟಿ ಬಿಗಿದು ಇಡೀ ವಾರ್ಡು ಕಿತ್ತುಹೋಗುವಂತೆ ಕಿರುಚುತ್ತಿತ್ತು.

ಅತ್ತಿಗೆ ಕಿವಿ ಮುಚ್ಚಿಕೊಂಡೇ ಒಳಗೆ ಬಂದರು. “ಅಬ್ಬಬ್ಬಾ, ಏನು ಗಂಟಲೇ ಇದರದ್ದು! ಇದೊಂದೇ ಇಬ್ಬರಷ್ಟು ಅಳುತ್ತೆ. ಎತ್ಕೊಂಡು ಸಮಾಧಾನ ಮಾಡೇ.”

“ತಡೀರಿ ಅತ್ತಿಗೆ,” ಎಂದಳು ಕ್ರೇನಮ್ಮ. ಅವಳ ಕಣ್ಣು ತುಂಬಿ ಹರಿಯುತ್ತಿತ್ತು, ಬಾಯಿ ಕಿವಿಯವರೆಗೆ ಅಗಲವಾಗಿತ್ತು. “ಇನ್ನೊಂದು ನಿಮಿಷ ಅಳಲಿ. ಕೇಳ್ತೀನಿ.”